ವರ್ಡ್ ತೆರೆಯಲು ಒಂದು ನಿಮಿಷ: ಮೊದಲೇ ಲೋಡ್ ಮಾಡಿಟ್ಟರೆ ಸರಿಹೋಗುತ್ತಾ?

ಮಂಡ್ಯದಲ್ಲಿ ಕೋರ್ಟ್ ಹತ್ತಿರ ಟೈಪಿಂಗ್ ಸೆಂಟರ್ ಇಟ್ಟಿರುವ ಅಕ್ಕ ಒಬ್ಬರು ಒಂದು ಸೋಮವಾರ ಬೆಳಗ್ಗೆ ಫೋನ್ ಮಾಡಿದರು. "ಅಣ್ಣಾ, ವರ್ಡ್ ಒತ್ತಿದ್ರೆ ಬರೋದೇ ಇಲ್ಲ. ಲಾಯರ್ ಎದುರಿಗೇ ನಿಂತವ್ರೆ, ಇದು ಸುಮ್ನೆ ಸುತ್ತುತಾ ಅದೆ. ಬಂದು ಫಾರ್ಮ್ಯಾಟ್ ಹೊಡ್ದು ಕೊಟ್ಬುಡಿ."

ಫಾರ್ಮ್ಯಾಟ್ ಬೇಡ, ನೋಡೋಣ ಇರಿ ಅಂದೆ. ಅವರ ಸಿಸ್ಟಮ್‌ನಲ್ಲಿ ವರ್ಷಗಟ್ಟಲೆ ಟೈಪ್ ಮಾಡಿದ ಕರಾರು ಪತ್ರ, ಅಫಿಡವಿಟ್, ವಕಾಲತ್ತಿನ ನಮೂನೆಗಳಿವೆ. ಏನು ಕೆಟ್ಟಿದೆ ಅಂತ ತಿಳಿಯದೆ ಎಲ್ಲ ಅಳಿಸಿ ಮತ್ತೆ ಹಾಕಿದರೆ ಎರಡು ತಿಂಗಳಿಗೆ ಅದೇ ಕಥೆ ತಿರುಗಿ ಬರುತ್ತದೆ.

ಹೋಗಿ ನೋಡಿದೆ. 4 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 10. ಗಡಿಯಾರದ ಪಕ್ಕದ ಮೂಲೆಯಲ್ಲಿ ಐಕಾನ್‌ಗಳ ಸಾಲು. ಹಿಂದೆ ರಿಪೇರಿಗೆ ಬಂದ ಯಾರೋ, ಬೇಗ ಓಪನ್ ಆಗಲಿ ಅಂತ ಒಳ್ಳೆಯ ಮನಸ್ಸಿನಿಂದಲೇ, ಎಲ್ಲವನ್ನೂ ಸಿಸ್ಟಮ್ ಆನ್ ಆಗುವಾಗಲೇ ಲೋಡ್ ಆಗುವ ಹಾಗೆ ಮಾಡಿ ಹೋಗಿದ್ದರು. ವರ್ಡ್‌ನ ಶಾರ್ಟ್‌ಕಟ್ ಸ್ಟಾರ್ಟಪ್ ಫೋಲ್ಡರ್‌ನಲ್ಲಿತ್ತು. ವರ್ಡ್‌ನಂಥದ್ದೇ ಕೆಲಸ ಮಾಡುವ ಲಿಬ್ರೆ ಆಫೀಸ್ ಇತ್ತು, ಅದನ್ನು ಮೊದಲೇ ಲೋಡ್ ಮಾಡಿಡುವ ಕ್ವಿಕ್‌ಸ್ಟಾರ್ಟರ್ ಆನ್ ಇತ್ತು. ಪಿಡಿಎಫ್ ತೆರೆಯುವ ಸಾಫ್ಟ್‌ವೇರ್, ಸ್ಕ್ಯಾನರ್‌ನದು, ಬ್ರೌಸರ್, ಜೊತೆಗೆ ಕನ್ನಡ ಟೈಪ್ ಮಾಡುವ ನುಡಿ. ಇವುಗಳಲ್ಲಿ ನುಡಿ ಮಾತ್ರ ಬೆಳಗ್ಗೆಯಿಂದ ಸಂಜೆತನಕ ಬೇಕು. ಮಿಕ್ಕವು ದಿನಕ್ಕೆ ನಾಲ್ಕೈದು ಸಲ ಬೇಕಾಗುವಂಥವು.

ಡೆಸ್ಕ್‌ಟಾಪ್ ಬಂದ ಕೂಡಲೇ ವರ್ಡ್ ಒತ್ತಿ ಫೋನಿನ ಸ್ಟಾಪ್‌ವಾಚ್ ಹಿಡಿದೆ. 72 ಸೆಕೆಂಡ್. ಮುಚ್ಚಿ ತಕ್ಷಣ ಮತ್ತೆ ತೆರೆದೆ. 21 ಸೆಕೆಂಡ್. ಈ ಎರಡು ಅಂಕಿಗಳಿಂದಲೇ ಅರ್ಧ ರೋಗ ಗೊತ್ತಾಯಿತು. ಅದು ಹೇಗೆ ಅಂತ ಹೇಳುತ್ತೇನೆ.

ಡಿಕಾಕ್ಷನ್ ಮತ್ತು ಕಟ್ಟೆ

ಮೊದಲೇ ಲೋಡ್ ಮಾಡುವುದು ಅಂದರೆ ಹೋಟೆಲಿನಲ್ಲಿ ಬೆಳಗ್ಗೆಯೇ ಡಿಕಾಕ್ಷನ್ ಇಳಿಸಿಟ್ಟ ಹಾಗೆ. ಗಿರಾಕಿ ಬಂದ ಮೇಲೆ ಫಿಲ್ಟರ್‌ಗೆ ಪುಡಿ ಹಾಕುತ್ತಾ ಕೂತರೆ ಕಾಫಿ ಯಾವಾಗ ಕೊಡೋದು? ಇಳಿಸಿಟ್ಟಿದ್ದರೆ ಹಾಲು ಬೆರೆಸಿ ಕೊಟ್ಟರಾಯಿತು. ವರ್ಡ್‌ನ ಫೈಲುಗಳನ್ನು ಡಿಸ್ಕ್‌ನಿಂದ ಮೊದಲೇ ರ‍್ಯಾಮ್‌ಗೆ ತಂದಿಟ್ಟರೆ, ಒತ್ತಿದಾಗ ಡಿಸ್ಕ್ ತನಕ ಹೋಗುವ ಕೆಲಸ ಇರುವುದಿಲ್ಲ.

ಆದರೆ ಅಡುಗೆ ಕಟ್ಟೆ ಚಿಕ್ಕದು. ಡಿಕಾಕ್ಷನ್, ಸಾಂಬಾರು, ಪಲ್ಯ, ಚಟ್ನಿ ಎಲ್ಲದರ ಪಾತ್ರೆಯನ್ನೂ ಅಲ್ಲೇ ತಂದಿಟ್ಟರೆ ದೋಸೆ ಹುಯ್ಯಲು ಜಾಗ ಎಲ್ಲಿ? ರ‍್ಯಾಮ್ ಆ ಕಟ್ಟೆ. ಅದು ತುಂಬಿದರೆ ವಿಂಡೋಸ್ ಒಂದಷ್ಟನ್ನು ಎತ್ತಿ ಡಿಸ್ಕ್‌ನಲ್ಲಿರುವ ಪೇಜ್ ಫೈಲ್‌ಗೆ ಹಾಕುತ್ತದೆ. ಬೇಕಾದಾಗ ಮತ್ತೆ ಅಲ್ಲಿಂದ ತರುತ್ತದೆ. ಡಿಸ್ಕ್ ಓಡಾಟ ತಪ್ಪಲಿ ಅಂತ ಮಾಡಿದ ಕೆಲಸವೇ ಡಿಸ್ಕ್ ಓಡಾಟ ಜಾಸ್ತಿ ಮಾಡುತ್ತದೆ.

ಹಾರ್ಡ್ ಡಿಸ್ಕ್ ಯಾಕೆ ಇಷ್ಟು ನಿಧಾನ ಅಂತ ಲೆಕ್ಕ ಹಾಕಿ ನೋಡಿ. ಡೆಸ್ಕ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ ಇರುವ ಡಿಸ್ಕ್ ನಿಮಿಷಕ್ಕೆ 7,200 ಸುತ್ತು ತಿರುಗುತ್ತದೆ. ಅಂದರೆ ಒಂದು ಸುತ್ತಿಗೆ 8.3 ಮಿಲಿಸೆಕೆಂಡ್. ಬೇಕಾದ ಜಾಗ ಓದುವ ತಲೆಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು. ಅದಕ್ಕೆ ಮೊದಲು ತಲೆ ಸರಿಯಾದ ಪಟ್ಟಿಗೆ ಸರಿಯಬೇಕು, ಅದಕ್ಕೆ ಇನ್ನೊಂದು ಎಂಟು ಒಂಬತ್ತು ಮಿಲಿಸೆಕೆಂಡ್. ಹಾಗಾಗಿ ಅಲ್ಲಲ್ಲಿ ಚದುರಿದ ಚೂರುಗಳನ್ನು ಓದಬೇಕಾದರೆ ಸೆಕೆಂಡಿಗೆ ಸುಮಾರು 80 ಚೂರು ಅಷ್ಟೇ. ಸಾವಿರ ಚೂರು ಬೇಕಿದ್ದರೆ 12 ಸೆಕೆಂಡ್ ಹೋಯಿತು. ಅದೇ ಹೊತ್ತಿಗೆ ಇನ್ನೂ ನಾಲ್ಕು ಸಾಫ್ಟ್‌ವೇರ್ ತಮ್ಮ ಚೂರು ಕೇಳಿದರೆ ತಲೆ ಅಲ್ಲಿಂದಿಲ್ಲಿಗೆ ಓಡಾಡುತ್ತಾ ಯಾರ ಕೆಲಸವೂ ಮುಗಿಯುವುದಿಲ್ಲ. ಹಾರ್ಡ್ ಡಿಸ್ಕ್ ಬದಲಿಗೆ ಹಾಕುವ ಎಸ್ಎಸ್‌ಡಿಯಲ್ಲಿ ತಿರುಗುವ ತಟ್ಟೆಯೂ ಇಲ್ಲ, ಸರಿಯುವ ತಲೆಯೂ ಇಲ್ಲ. ಅದು ಸೆಕೆಂಡಿಗೆ ಹತ್ತಾರು ಸಾವಿರ ಚೂರು ಓದುತ್ತದೆ.

ಎರಡು ಸಲ ತೆರೆಯುವ ಪರೀಕ್ಷೆ

ಯಾವ ಟಿಕ್ ಹಾಕುವ ಮೊದಲೂ, ಯಾವ ಟಿಕ್ ತೆಗೆಯುವ ಮೊದಲೂ ಇದನ್ನು ಮಾಡಿ. ಸಿಸ್ಟಮ್ ರೀಸ್ಟಾರ್ಟ್ ಮಾಡಿ. ಶಟ್ ಡೌನ್ ಮಾಡಿ ಆನ್ ಮಾಡಿದರೆ ಆಗಲ್ವಾ ಅಂತ ಕೇಳುತ್ತಾರೆ. ಸಾಲದು. ವಿಂಡೋಸ್ 8ರಿಂದ ಈಚೆಗೆ ಫಾಸ್ಟ್ ಸ್ಟಾರ್ಟಪ್ ಅಂತ ಒಂದಿದೆ. ಅದು ಆನ್ ಇದ್ದರೆ ಶಟ್ ಡೌನ್ ಮಾಡಿದಾಗ ವಿಂಡೋಸ್‌ನ ಒಳಭಾಗವನ್ನು ಡಿಸ್ಕ್‌ನಲ್ಲಿ ಹಾಗೇ ಉಳಿಸಿಕೊಂಡು ಮಾರನೆ ದಿನ ತಂದಿಡುತ್ತದೆ. ನಿಜವಾಗಿ ಮೊದಲಿಂದ ಶುರುವಾಗುವುದು ರೀಸ್ಟಾರ್ಟ್‌ನಲ್ಲೇ.

ಡೆಸ್ಕ್‌ಟಾಪ್ ಬಂದ ಮೇಲೆ ಐದು ನಿಮಿಷ ಸುಮ್ನೆ ಬಿಡಿ. ಆಮೇಲೆ ವರ್ಡ್ ತೆರೆಯಿರಿ, ಸಮಯ ಬರೆದುಕೊಳ್ಳಿ. ಮುಚ್ಚಿ, ಕೂಡಲೇ ಮತ್ತೆ ತೆರೆದು ಸಮಯ ಬರೆದುಕೊಳ್ಳಿ. ಇದೇ ಪರೀಕ್ಷೆಯನ್ನು ಇನ್ನೊಂದು ಸಲ, ಈ ಬಾರಿ ಐದು ನಿಮಿಷ ಕಾಯದೆ, ಡೆಸ್ಕ್‌ಟಾಪ್ ಬಂದ ತಕ್ಷಣ ಮಾಡಿ. ಆನ್ ಆಗುವಾಗ ಲೋಡ್ ಆಗುವವುಗಳ ಕಾಟ ಎಷ್ಟು ಅಂತ ಆಗ ತಿಳಿಯುತ್ತದೆ.

ಮೊದಲ ಸಲ ನಿಧಾನ, ಎರಡನೇ ಸಲ ಚುರುಕು ಅಂದರೆ ಹೊತ್ತು ತಿನ್ನುತ್ತಿರುವುದು ಡಿಸ್ಕ್. ಮೊದಲ ಸಲ ಓದಿದ್ದು ರ‍್ಯಾಮ್‌ನಲ್ಲಿ ಉಳಿದಿತ್ತು, ಅದಕ್ಕೇ ಎರಡನೇ ಸಲ ಬೇಗ ಬಂತು. ಮೊದಲೇ ಲೋಡ್ ಮಾಡುವುದರಿಂದ ಲಾಭ ಇರುವುದು ಇಲ್ಲಿ ಮಾತ್ರ.

ಎರಡು ಸಲವೂ ಒಂದೇ ಸಮನೆ ನಿಧಾನ ಅಂದರೆ ಡಿಸ್ಕ್‌ನದು ತಪ್ಪಲ್ಲ. ವರ್ಡ್ ಬೇರೆ ಯಾವುದಕ್ಕೋ ಕಾಯುತ್ತಿದೆ. ಪ್ರಿಂಟರ್ ಇರಬಹುದು, ವರ್ಡ್‌ಗೆ ಅಂಟಿಕೊಂಡು ಬರುವ ಆಡ್-ಇನ್ ಅನ್ನುವ ಸಣ್ಣ ಸಾಫ್ಟ್‌ವೇರ್ ಇರಬಹುದು, ಸಿಗದ ನೆಟ್‌ವರ್ಕ್ ಫೋಲ್ಡರ್ ಇರಬಹುದು. ಇಲ್ಲಿ ಎಷ್ಟು ಲೋಡ್ ಮಾಡಿಟ್ಟರೂ ಒಂದು ಸೆಕೆಂಡ್ ಉಳಿಯುವುದಿಲ್ಲ.

ಎರಡನೇ ಸಲ ಸ್ವಲ್ಪ ಬೇಗ, ಆದರೂ ಬೇಸರ ಬರುವಷ್ಟು ನಿಧಾನ, ಡಿಸ್ಕ್‌ನ ಲೈಟ್ ಆರುವುದೇ ಇಲ್ಲ ಅಂದರೆ ರ‍್ಯಾಮ್ ಸಾಲುತ್ತಿಲ್ಲ. ಇಲ್ಲಿ ಇನ್ನಷ್ಟು ಲೋಡ್ ಮಾಡಿಸಿದರೆ ಇನ್ನೂ ಕೆಡುತ್ತದೆ. ಟೈಪಿಂಗ್ ಸೆಂಟರಿನ 72 ಮತ್ತು 21 ಈ ಜಾತಿಗೆ ಸೇರಿದ್ದು.

ರ‍್ಯಾಮ್ ಸಾಲುತ್ತಿಲ್ಲ ಅಂತ ಖಾತ್ರಿ ಮಾಡಿಕೊಳ್ಳಲು ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಅಲ್ಲಿ ಪರ್ಫಾರ್ಮೆನ್ಸ್, ಅದರಿಂದ ರಿಸೋರ್ಸ್ ಮಾನಿಟರ್, ಅದರಲ್ಲಿ ಮೆಮೊರಿ. ಕೆಳಗೆ ಒಂದು ಬಣ್ಣದ ಪಟ್ಟಿ ಕಾಣುತ್ತದೆ. ಹಸಿರು ಅಂದರೆ ಈಗ ಬಳಕೆಯಲ್ಲಿರುವುದು. ಗಾಢ ನೀಲಿ ಅಂದರೆ ಸ್ಟ್ಯಾಂಡ್‌ಬೈ, ಅಂದರೆ ಇಳಿಸಿಟ್ಟ ಡಿಕಾಕ್ಷನ್. ತಿಳಿ ನೀಲಿ ಪೂರ್ತಿ ಖಾಲಿ. ಹಸಿರೇ ಪಟ್ಟಿ ತುಂಬಾ ಹರಡಿ, ಗಾಢ ನೀಲಿ ಗೆರೆಯಷ್ಟು ತೆಳ್ಳಗಾಗಿದ್ದು, ಪಕ್ಕದ ಹಾರ್ಡ್ ಫಾಲ್ಟ್ಸ್ ಗ್ರಾಫ್ (ರ‍್ಯಾಮ್‌ನಲ್ಲಿ ಸಿಗದೆ ಡಿಸ್ಕ್‌ನಿಂದ ತರಬೇಕಾದದ್ದರ ಲೆಕ್ಕ) ಕೆಳಗಿಳಿಯದೇ ಇದ್ದರೆ ಸಂಶಯ ಬೇಡ.

ಇಲ್ಲೊಂದು ಮಾತು ಹೇಳಲೇಬೇಕು. ಸ್ಟ್ಯಾಂಡ್‌ಬೈ ಜಾಸ್ತಿ ಇದ್ದರೆ ರ‍್ಯಾಮ್ ತುಂಬಿಹೋಗಿದೆ ಅಂತ ಹೆದರಿ, ರ‍್ಯಾಮ್ ಖಾಲಿ ಮಾಡುವ ಸಾಫ್ಟ್‌ವೇರ್ ಹಾಕಿಕೊಂಡವರನ್ನು ಬಹಳ ನೋಡಿದ್ದೇನೆ. ಆ ನೀಲಿ ಜಾಗವನ್ನು ಯಾರು ಕೇಳಿದರೂ ವಿಂಡೋಸ್ ತಕ್ಷಣ ಬಿಟ್ಟುಕೊಡುತ್ತದೆ. ಅದನ್ನು ಖಾಲಿ ಮಾಡುವುದು ಅಂದರೆ ಇಳಿಸಿಟ್ಟ ಡಿಕಾಕ್ಷನ್ನನ್ನು ಮೋರಿಗೆ ಚೆಲ್ಲಿದಂತೆ. ಪ್ರೀಫೆಚ್ ಫೋಲ್ಡರ್ ಅಳಿಸುವುದೂ ಅದೇ ತಪ್ಪು. ಅದು ಕಸ ಅಲ್ಲ, ಏನು ಅಂತ ಮುಂದೆ ಹೇಳುತ್ತೇನೆ.

ನೀವು ಹೇಳದೆಯೇ ಲೋಡ್ ಮಾಡುತ್ತಿರುವವರು

ಮೊದಲೇ ಲೋಡ್ ಮಾಡುವ ಏರ್ಪಾಡು ವಿಂಡೋಸ್‌ನ ಒಳಗೇ ಇದೆ. 2001ರ ಎಕ್ಸ್‌ಪಿಯಲ್ಲಿ ಪ್ರೀಫೆಚ್ ಬಂತು. ಒಂದು ಸಾಫ್ಟ್‌ವೇರ್ ಶುರುವಾಗಿ ಮೊದಲ ಹತ್ತು ಸೆಕೆಂಡಿನಲ್ಲಿ ಯಾವ ಯಾವ ಫೈಲಿನ ಯಾವ ಭಾಗ ಓದುತ್ತದೆ ಅಂತ ಬರೆದಿಟ್ಟುಕೊಂಡು, ಮುಂದಿನ ಸಲ ಅವನ್ನು ಒಟ್ಟಿಗೆ ತರಿಸುತ್ತದೆ. ಆ ಬರಹ ಇರುವುದೇ ಪ್ರೀಫೆಚ್ ಫೋಲ್ಡರ್‌ನಲ್ಲಿ. ವಿಸ್ಟಾದಲ್ಲಿ ಸೂಪರ್‌ಫೆಚ್ ಬಂತು. ಅದು ನೀವು ಯಾವುದನ್ನು ಹೆಚ್ಚು ಬಳಸುತ್ತೀರಿ ಅಂತ ಗಮನಿಸಿ ಖಾಲಿ ರ‍್ಯಾಮ್‌ಗೆ ಮೊದಲೇ ತಂದಿಡುತ್ತದೆ. ವಿಂಡೋಸ್ 10ರಲ್ಲಿ ಇದರ ಹೆಸರು ಸಿಸ್‌ಮೇನ್ ಅಂತ ಬದಲಾಯಿತು. ಸರ್ವೀಸಸ್ ಪಟ್ಟಿಯಲ್ಲಿ ಅದೇ ಹೆಸರಿನಿಂದ ಹುಡುಕಬೇಕು.

ಸಿಸ್‌ಮೇನ್ ನಿಲ್ಲಿಸಿಬಿಡಿ ಅನ್ನುವ ಸಲಹೆ ಎಲ್ಲ ಕಡೆ ಸಿಗುತ್ತದೆ. ನಾನು ಮೊದಲೇ ಅದಕ್ಕೆ ಕೈ ಹಾಕುವುದಿಲ್ಲ. ಹಳೆಯ ಹಾರ್ಡ್ ಡಿಸ್ಕ್‌ನಲ್ಲಿ ಆನ್ ಆದ ಮೇಲೆ ಐದು ಹತ್ತು ನಿಮಿಷ ಡಿಸ್ಕ್ 100% ತೋರಿಸಿದರೆ, ಒಂದು ದಿನದ ಮಟ್ಟಿಗೆ ನಿಲ್ಲಿಸಿ ಅದೇ ಎರಡು ಸಲದ ಪರೀಕ್ಷೆ ಮಾಡಿ. ಅಂಕಿ ಸುಧಾರಿಸಿದರೆ ನಿಲ್ಲಿಸಿಯೇ ಇಡಿ, ಇಲ್ಲದಿದ್ದರೆ ವಾಪಸ್ ಆನ್ ಮಾಡಿ.

ಇನ್ನು ಆಫೀಸ್ ಸಾಫ್ಟ್‌ವೇರ್‌ಗಳದೇ ಏರ್ಪಾಡು. ಆಫೀಸ್ 97ರ ಕಾಲದಲ್ಲೇ ಸ್ಟಾರ್ಟಪ್ ಫೋಲ್ಡರ್‌ನಲ್ಲಿ ಆಫೀಸ್ ಸ್ಟಾರ್ಟಪ್ ಅಂತ ಒಂದು ಶಾರ್ಟ್‌ಕಟ್ ಬಂದು ಕೂರುತ್ತಿತ್ತು. ಈಗಿನ ವರ್ಡ್‌ನಲ್ಲಿ 2025ರಿಂದ, ವರ್ಡ್ ಅನ್ನು ಮೊದಲೇ ಲೋಡ್ ಮಾಡಿಡುವ ಸ್ಟಾರ್ಟಪ್ ಬೂಸ್ಟ್ ಬಂದಿದೆ. ಅದಕ್ಕೆ ಕನಿಷ್ಠ 8 ಜಿಬಿ ರ‍್ಯಾಮ್, ಡಿಸ್ಕ್‌ನಲ್ಲಿ 5 ಜಿಬಿ ಖಾಲಿ ಜಾಗ ಬೇಕು. ಹೊತ್ತಿಗೆ ಸರಿಯಾಗಿ ಕೆಲಸ ಶುರು ಮಾಡಿಸುವ ವಿಂಡೋಸ್‌ನ ಟಾಸ್ಕ್ ಶೆಡ್ಯೂಲರ್ ಮೂಲಕ ಓಡುತ್ತದೆ, ಆದ್ದರಿಂದ ಸ್ಟಾರ್ಟಪ್ ಪಟ್ಟಿಯಲ್ಲಿ ಹುಡುಕಿದರೆ ಕಾಣುವುದಿಲ್ಲ. ಬೇಡದಿದ್ದರೆ ವರ್ಡ್‌ನ ಫೈಲ್, ಆಪ್ಷನ್ಸ್, ಜನರಲ್‌ನಲ್ಲಿ ಟಿಕ್ ತೆಗೆಯಿರಿ. ಶೆಡ್ಯೂಲರ್‌ನಲ್ಲಿ ನಿಲ್ಲಿಸಿದರೆ ಆಫೀಸ್ ಅಪ್‌ಡೇಟ್ ಆದಾಗ ಆ ಕೆಲಸಗಳು ಮತ್ತೆ ಹುಟ್ಟಿಕೊಳ್ಳುತ್ತವೆ.

ಲಿಬ್ರೆ ಆಫೀಸ್‌ನಲ್ಲಿ ಟೂಲ್ಸ್, ಆಪ್ಷನ್ಸ್, ಲಿಬ್ರೆ ಆಫೀಸ್, ಜನರಲ್ ಒಳಗೆ ಕ್ವಿಕ್‌ಸ್ಟಾರ್ಟರ್‌ನ ಟಿಕ್ ಇದೆ. ಇದು ಆನ್ ಇದ್ದಾಗ ಒಂದು ಗೊಂದಲ ಪದೇ ಪದೇ ಬರುತ್ತದೆ. ಎಲ್ಲ ಕಿಟಕಿ ಮುಚ್ಚಿದರೂ ಸಾಫ್ಟ್‌ವೇರ್ ಒಳಗೆ ಓಡುತ್ತಲೇ ಇರುತ್ತದೆ. ಹೊಸ ಎಕ್ಸ್‌ಟೆನ್ಷನ್ ಹಾಕಿರುತ್ತೀರಿ, ಸೆಟ್ಟಿಂಗ್ ಬದಲಿಸಿರುತ್ತೀರಿ, ಮುಚ್ಚಿ ತೆರೆದರೂ ಏನೂ ಬದಲಾಗಿರುವುದಿಲ್ಲ. ಗಡಿಯಾರದ ಪಕ್ಕದ ಐಕಾನ್ ಮೇಲೆ ಬಲ ಕ್ಲಿಕ್ ಮಾಡಿ ಕ್ವಿಕ್‌ಸ್ಟಾರ್ಟರ್‌ನಿಂದ ಎಕ್ಸಿಟ್ ಆದರೇ ಅದು ನಿಜವಾಗಿ ಮುಚ್ಚುವುದು. ಅದು ಒಳಗೇ ಹ್ಯಾಂಗ್ ಆಗಿದ್ದರೆ ಎಷ್ಟು ಒತ್ತಿದರೂ ಹೊಸ ಕಿಟಕಿ ಬರುವುದಿಲ್ಲ. ಟಾಸ್ಕ್ ಮ್ಯಾನೇಜರ್‌ನ ಡೀಟೇಲ್ಸ್‌ನಲ್ಲಿ ಎಸ್‌ಆಫೀಸ್ ಡಾಟ್ ಬಿನ್ ಹುಡುಕಿ ನಿಲ್ಲಿಸಿ, ಆಮೇಲೆ ತೆರೆಯಿರಿ. ಸೇವ್ ಮಾಡದ ಫೈಲ್ ತೆರೆದಿಲ್ಲ ಅಂತ ಮೊದಲು ನೋಡಿಕೊಳ್ಳಿ.

ಲಿನಕ್ಸ್ ಬಳಸುವವರಿಗೆ ಪ್ರಿಲೋಡ್ ಅನ್ನುವ ಸಣ್ಣ ಸಾಫ್ಟ್‌ವೇರ್ ಇದೆ. 2005ರಲ್ಲಿ ಗೂಗಲ್ ಸಮ್ಮರ್ ಆಫ್ ಕೋಡ್‌ನಲ್ಲಿ ಬೆಹದಾದ್ ಎಸ್ಫಹಬೋದ್ ಬರೆದದ್ದು. ನೀವು ಬಳಸುವ ರೀತಿ ನೋಡಿಕೊಂಡು ಮುಂದೆ ಬೇಕಾಗಬಹುದಾದ ಫೈಲ್‌ಗಳನ್ನು ತಂದಿಡುತ್ತದೆ. ಅಲ್ಲಿಗೂ ಪರೀಕ್ಷೆ ಇದೇ, ನಿಯಮವೂ ಇದೇ.

ಎರಡು ಸಲವೂ ನಿಧಾನ ಆದಾಗ

ಇದಕ್ಕೆ ಮೈಸೂರಿನ ಒಂದು ಉದಾಹರಣೆ ಹೇಳುತ್ತೇನೆ. ಸರಸ್ವತಿಪುರಂನಲ್ಲಿ ಒಬ್ಬ ಆಡಿಟರ್ ಆಫೀಸ್. ಹೊಸ ಸಿಸ್ಟಮ್, 8 ಜಿಬಿ ರ‍್ಯಾಮ್, ಎಸ್ಎಸ್‌ಡಿ. "ಇಷ್ಟು ದುಡ್ಡು ಹಾಕಿದೀನಿ, ಆದ್ರೂ ವರ್ಡ್ ಹಳೇ ಸಿಸ್ಟಮ್‌ಗಿಂತ ನಿಧಾನ" ಅಂತ ಅವರಿಗೆ ನಿಜಕ್ಕೂ ಬೇಜಾರಾಗಿತ್ತು. ಮೊದಲ ಸಲ 40 ಸೆಕೆಂಡ್, ಎರಡನೇ ಸಲ 39.

ಇಂಥ ಕಡೆ ಮೊದಲು ಸೇಫ್ ಮೋಡ್, ಅಂದರೆ ಆಡ್-ಇನ್‌ಗಳಿಲ್ಲದೆ ವರ್ಡ್ ತೆರೆಯುವುದು. ಕಂಟ್ರೋಲ್ ಕೀ ಒತ್ತಿ ಹಿಡಿದು ವರ್ಡ್ ಐಕಾನ್ ತೆರೆದರೆ, ಸೇಫ್ ಮೋಡ್‌ನಲ್ಲಿ ಶುರು ಮಾಡಲಾ ಅಂತ ಕೇಳುತ್ತದೆ. ಹೂಂ ಅನ್ನಿ. ಅಲ್ಲಿ ಬೇಗ ತೆರೆದರೆ ತಪ್ಪು ಆಡ್-ಇನ್‌ನದು, ಇಲ್ಲ ನಾರ್ಮಲ್ ಟೆಂಪ್ಲೇಟ್‌ನದು, ಅಂದರೆ ಹೊಸ ಫೈಲಿಗೆ ವರ್ಡ್ ಬಳಸುವ ಮೂಲ ನಮೂನೆಯದು. ಆಪ್ಷನ್ಸ್‌ನ ಆಡ್-ಇನ್ಸ್‌ನಲ್ಲಿ ಒಂದೊಂದೇ ಟಿಕ್ ತೆಗೆಯುತ್ತಾ ಹೋಗಿ, ಎಲ್ಲವನ್ನೂ ಒಟ್ಟಿಗೆ ತೆಗೆದರೆ ಕಳ್ಳ ಯಾರು ಅಂತ ಗೊತ್ತಾಗುವುದಿಲ್ಲ. ಟೆಂಪ್ಲೇಟ್ ಮೇಲೆ ಅನುಮಾನ ಬಂದರೆ ವರ್ಡ್ ಮುಚ್ಚಿ ಆ ಫೈಲಿನ ಹೆಸರು ಬದಲಿಸಿ, ವರ್ಡ್ ಹೊಸದನ್ನು ಮಾಡಿಕೊಳ್ಳುತ್ತದೆ. ದಯವಿಟ್ಟು ಹಳೆಯದನ್ನು ಅಳಿಸಬೇಡಿ. ಟೈಪ್ ಮಾಡುವವರು ವರ್ಷಗಳಿಂದ ಮಾಡಿಟ್ಟುಕೊಂಡ ಮ್ಯಾಕ್ರೋ, ಶೈಲಿಗಳು ಅದರಲ್ಲಿರುತ್ತವೆ.

ಆಡಿಟರ್ ಆಫೀಸಿನಲ್ಲಿ ಸೇಫ್ ಮೋಡ್‌ನಲ್ಲೂ 38 ಸೆಕೆಂಡ್ ಹಿಡಿಯಿತು. ಅಂದಮೇಲೆ ಆಡ್-ಇನ್ ಅಲ್ಲ. ಮುಂದೆ ನೋಡಬೇಕಾದ್ದು ಡಿಫಾಲ್ಟ್ ಪ್ರಿಂಟರ್. ಪುಟದ ಅಳತೆ ಹೊಂದಿಸಲು ವರ್ಡ್ ಪ್ರಿಂಟರ್‌ನ ಡ್ರೈವರ್‌ನ ಹತ್ತಿರ ವಿವರ ಕೇಳುತ್ತದೆ. ಪ್ರಿಂಟರ್ ನೆಟ್‌ವರ್ಕ್‌ನಲ್ಲಿದ್ದು ಸಿಗದೇ ಹೋದರೆ ಉತ್ತರಕ್ಕೆ ಕಾಯುತ್ತದೆ. ಅವರು ಮನೆ ಬದಲಿಸಿದ ಹಾಗೆ ಆಫೀಸ್ ಬದಲಿಸಿದ್ದರು, ಹಳೆಯ ಕಟ್ಟಡದ ಪ್ರಿಂಟರ್ ಇನ್ನೂ ಡಿಫಾಲ್ಟ್ ಆಗಿಯೇ ಉಳಿದಿತ್ತು! ಪಿಡಿಎಫ್‌ಗೆ ಪ್ರಿಂಟ್ ಮಾಡುವ ಪ್ರಿಂಟರನ್ನು ಡಿಫಾಲ್ಟ್ ಮಾಡಿದೆ. 3 ಸೆಕೆಂಡ್. ಆಮೇಲೆ, ಡಿಫಾಲ್ಟ್ ಪ್ರಿಂಟರನ್ನು ವಿಂಡೋಸೇ ನೋಡಿಕೊಳ್ಳಲಿ ಅನ್ನುವ ಟಿಕ್ ತೆಗೆದು, ಈಗ ಮೇಜಿನ ಮೇಲಿರುವ ಪ್ರಿಂಟರನ್ನು ಹಾಕಿಕೊಟ್ಟೆ. ರ‍್ಯಾಮ್ ಹೆಚ್ಚಿಸಿದ್ದರೆ ಅವರ ದುಡ್ಡು ದಂಡವಾಗುತ್ತಿತ್ತು.

ಡಿಸ್ಕ್ ಸಾಯುತ್ತಿಲ್ಲ ತಾನೇ?

ಮೊದಲ ಸಲ ಮಾತ್ರ ನಿಧಾನ ಅಂತ ಗೊತ್ತಾದ ಮೇಲೂ ಕ್ವಿಕ್‌ಸ್ಟಾರ್ಟರ್ ಆನ್ ಮಾಡುವ ಮೊದಲು ಡಿಸ್ಕ್‌ನ ಆರೋಗ್ಯ ನೋಡಿ. ನಾನು ಅತಿ ಹೆಚ್ಚು ಒತ್ತಿ ಹೇಳುವುದು ಇದನ್ನೇ. ಕೆಡುತ್ತಿರುವ ಡಿಸ್ಕ್ ಒಂದೇ ಜಾಗವನ್ನು ಹತ್ತು ಸಲ ಓದಲು ನೋಡುತ್ತದೆ, ಹೊರಗೆ ಕಾಣುವುದು ನಿಧಾನ ಮಾತ್ರ. ಮೊದಲೇ ಲೋಡ್ ಮಾಡಿಸಿ ಆ ನಿಧಾನವನ್ನು ಮುಚ್ಚಿಟ್ಟರೆ, ಡಿಸ್ಕ್ ಪೂರ್ತಿ ಹೋಗುವ ದಿನದವರೆಗೂ ಯಾರಿಗೂ ಗೊತ್ತಾಗುವುದಿಲ್ಲ. ಅವತ್ತು ಫೈಲುಗಳೂ ಹೋಗಿರುತ್ತವೆ.

ಈವೆಂಟ್ ವ್ಯೂವರ್‌ನಲ್ಲಿ ವಿಂಡೋಸ್ ಲಾಗ್ಸ್, ಸಿಸ್ಟಮ್ ನೋಡಿ. ಡಿಸ್ಕ್ ಅನ್ನುವ ಮೂಲದಿಂದ ಸಂಖ್ಯೆ 7 ಇದ್ದರೆ ಕೆಟ್ಟ ಬ್ಲಾಕ್ ಸಿಕ್ಕಿದೆ ಅಂತ ಅರ್ಥ. 153 ಇದ್ದರೆ ಓದುವ ಬರೆಯುವ ಕೆಲಸವನ್ನು ಮತ್ತೆ ಮತ್ತೆ ಮಾಡಬೇಕಾಗಿ ಬಂದಿದೆ. ಕ್ರಿಸ್ಟಲ್ ಡಿಸ್ಕ್ ಇನ್ಫೋ ಅನ್ನುವ ಸಾಫ್ಟ್‌ವೇರ್ ಹಾಕಿ, ಡಿಸ್ಕ್ ತನ್ನ ಆರೋಗ್ಯವನ್ನು ತಾನೇ ಬರೆದಿಡುವ ಸ್ಮಾರ್ಟ್ ಪಟ್ಟಿ ನೋಡಿ. ಸಾಲು 05 ಮತ್ತು ಸಿ5ರಲ್ಲಿ ಸೊನ್ನೆ ಬಿಟ್ಟು ಬೇರೆ ಅಂಕಿ ಇದ್ದು ಅದು ಏರುತ್ತಿದ್ದರೆ, ಅವತ್ತೇ ಬ್ಯಾಕಪ್ ತೆಗೆದು ಡಿಸ್ಕ್ ಬದಲಿಸಿ. ಸಿ7 ಮಾತ್ರ ಏರುತ್ತಿದ್ದರೆ ಡಿಸ್ಕ್ ಸರಿಯಿರಬಹುದು, ಸಾಟಾ ಕೇಬಲ್ ಸಡಿಲವಾಗಿರುತ್ತದೆ ಇಲ್ಲವೇ ಕೆಟ್ಟಿರುತ್ತದೆ. ಕೇಬಲ್ ಬದಲಿಸಿದ ಮೇಲೂ ಆ ಅಂಕಿ ಇಳಿಯುವುದಿಲ್ಲ. ಏರುವುದು ನಿಂತಿತಾ ಅಂತ ಅಷ್ಟೇ ನೋಡಬೇಕು.

ಅಕ್ಕನ ಡಿಸ್ಕ್‌ನಲ್ಲಿ ಮೂರೂ ಸೊನ್ನೆ. ಸಮಾಧಾನ ಆಯಿತು.

ಅವರ ಸಿಸ್ಟಮ್‌ಗೆ ಮಾಡಿದ್ದು

ಸ್ಟಾರ್ಟಪ್‌ನಲ್ಲಿ ನುಡಿ ಮತ್ತು ಆಂಟಿವೈರಸ್ ಬಿಟ್ಟು ಎಲ್ಲವನ್ನೂ ನಿಲ್ಲಿಸಿದೆ. ಅಕ್ಕನಿಗೆ ಗಾಬರಿ. "ಎಲ್ಲಾ ತೆಗೆದ್ಬುಟ್ರೆ ಇನ್ನೂ ಲೇಟಾಗಲ್ವಾ ಅಣ್ಣಾ?" ರೀಸ್ಟಾರ್ಟ್ ಮಾಡಿ ಅವರ ಕೈಗೇ ಸ್ಟಾಪ್‌ವಾಚ್ ಕೊಟ್ಟೆ. ಮೊದಲ ಸಲ 31, ಎರಡನೇ ಸಲ 5. ಈಗ ರೋಗ ಸೀದಾ ಮೊದಲ ಜಾತಿಗೆ ಬಂತು, ಬರೀ ಡಿಸ್ಕ್ ಓದುವ ಹೊತ್ತು.

ಇನ್ನು 31ನ್ನು ಇಳಿಸಬೇಕು. 4 ಜಿಬಿ ರ‍್ಯಾಮ್ ಇನ್ನೊಂದು ಹಾಕಿ ವರ್ಡ್ ಒಂದನ್ನೇ ಮೊದಲೇ ಲೋಡ್ ಮಾಡಿಸುವುದು ಒಂದು ದಾರಿ. ಎಸ್ಎಸ್‌ಡಿ ಇನ್ನೊಂದು ದಾರಿ. ಎರಡರಲ್ಲಿ ಒಂದಕ್ಕೆ ಮಾತ್ರ ದುಡ್ಡಿದ್ದರೆ ನಾನು ಎಸ್ಎಸ್‌ಡಿ ಅನ್ನುತ್ತೇನೆ, ಯಾಕೆಂದರೆ ಅದರಿಂದ ವರ್ಡ್ ಮಾತ್ರವಲ್ಲ, ಪ್ರತಿಯೊಂದೂ ಚುರುಕಾಗುತ್ತದೆ. ಆ ವಾರ ಅವರ ಕೈಯಲ್ಲಿ ಅಷ್ಟು ಇರಲಿಲ್ಲ. ಹಾಗಾಗಿ ವರ್ಡ್‌ನ ಶಾರ್ಟ್‌ಕಟ್ ಒಂದನ್ನೇ ಸ್ಟಾರ್ಟಪ್‌ಗೆ ವಾಪಸ್ ಹಾಕಿದೆ. ಬೀಗ ತೆಗೆದ ಕೂಡಲೇ ಸಿಸ್ಟಮ್ ಆನ್ ಮಾಡಿ, ಕಸ ಗುಡಿಸಿ ನೀರು ಹಾಕಿ ಬರುವ ಹೊತ್ತಿಗೆ ವರ್ಡ್ ತಯಾರಿರುತ್ತದೆ.

ನಾಲ್ಕು ದಿನಕ್ಕೆ ಮತ್ತೆ ಫೋನ್. ಬೆಳಗ್ಗೆ ಚೆನ್ನಾಗಿದೆ, ಮಧ್ಯಾಹ್ನ ನಿಧಾನ. ಎಲ್ಲಿ ತಪ್ಪಿದೆ ಅಂತ ಯೋಚನೆಗೆ ಬಿದ್ದೆ. ಕೇಳುತ್ತಾ ಹೋದಂತೆ ತಿಳಿಯಿತು, ಕರೆಂಟ್ ಹೋದಾಗೆಲ್ಲ ಸಿಸ್ಟಮ್ ಆಫ್ ಆಗುತ್ತಿದೆ. ಯುಪಿಎಸ್‌ನ ಬ್ಯಾಟರಿ ಸತ್ತಿತ್ತು. ಕರೆಂಟ್ ಹೋದ ಕ್ಷಣದಲ್ಲಿ ರ‍್ಯಾಮ್‌ನಲ್ಲಿ ತಂದಿಟ್ಟದ್ದೆಲ್ಲ ಹೋಗುತ್ತದೆ. ಬಂದ ಮೇಲೆ ಮತ್ತೆ ಮೊದಲಿಂದ ಓದಬೇಕು, ಅದೂ ಎದುರಿಗೆ ಕಕ್ಷಿದಾರರು ಕಾಯುತ್ತಿರುವಾಗ. ಹಾಗೆ ದಿಢೀರ್ ಆಫ್ ಆಗುವುದು ಡಿಸ್ಕ್‌ಗೂ ಒಳ್ಳೆಯದಲ್ಲ, ತೆರೆದಿಟ್ಟ ಫೈಲಿಗೂ ಒಳ್ಳೆಯದಲ್ಲ. ಯುಪಿಎಸ್‌ಗೆ ಹೊಸ 12 ವೋಲ್ಟ್ ಬ್ಯಾಟರಿ ಹಾಕಿದ ಮೇಲೆ ಮಧ್ಯಾಹ್ನದ ದೂರು ನಿಂತಿತು.

ಮುಂದೆ ಯುಗಾದಿ ಕಳೆದ ಮೇಲೆ ಎಸ್ಎಸ್‌ಡಿ ಹಾಕಿಸಿದರು. ಮೊದಲ ಸಲ 5, ಎರಡನೇ ಸಲ 3. ಸ್ಟಾರ್ಟಪ್‌ನಿಂದ ವರ್ಡ್‌ನ ಶಾರ್ಟ್‌ಕಟ್ಟನ್ನೂ ತೆಗೆದೆವು, ಎರಡು ಸೆಕೆಂಡಿಗಾಗಿ ದಿನವಿಡೀ ರ‍್ಯಾಮ್ ಕೊಡುವ ಅಗತ್ಯವಿಲ್ಲ. ಆ ಎರಡು ಅಂಕಿಗಳನ್ನು ತಾರೀಖು ಹಾಕಿ ಚೀಟಿಯಲ್ಲಿ ಬರೆದು ಮಾನಿಟರ್ ಪಕ್ಕ ಅಂಟಿಸಿದ್ದೇನೆ. ನಿಧಾನ ಅನ್ನಿಸಿದ ದಿನ ಅಕ್ಕ ಮೊದಲು ಎರಡು ಸಲ ತೆರೆದು ಚೀಟಿಗೆ ಹೋಲಿಸಿ, ಆಮೇಲೆ ಫೋನ್ ಮಾಡುತ್ತಾರೆ.